ಹಾಸ್ಟೆಲ್ ಮಕ್ಕಳಿಗೆ ಇಮೇಲ್ ಬರೆಯಲು ಕಲಿಸುವುದು ಹೇಗೆ? ಖಾತೆ ತೆರೆಯುವುದರಿಂದ ಉತ್ತರ ಬರುವವರೆಗೆ

ಯಾವುದಾದರೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಕೊನೆಯ ವರ್ಷದ ತರಗತಿಗೆ ಹೋಗಿ, ಇಮೇಲ್ ಐಡಿ ಯಾರಿಗೆಲ್ಲ ಇದೆ ಅಂತ ಕೇಳಿ. ಬಹುತೇಕ ಎಲ್ಲರೂ ಕೈ ಎತ್ತುತ್ತಾರೆ. ಆಂಡ್ರಾಯ್ಡ್ ಫೋನ್ ತಗೊಂಡಾಗಲೇ ಜಿಮೇಲ್ ಖಾತೆಯೂ ಆಗಿರುತ್ತದೆ. ಅದರಿಂದ ಒಂದಾದರೂ ಇಮೇಲ್ ಬರೆದವರು ಯಾರು ಅಂತ ಮುಂದಿನ ಪ್ರಶ್ನೆ ಕೇಳಿದರೆ, ಮೇಲಿದ್ದ ಕೈಗಳಲ್ಲಿ ಹೆಚ್ಚಿನವು ಇಳಿಯುತ್ತವೆ.

ಕೆಲಸದ ಅರ್ಜಿ, ಇಂಟರ್ನ್‌ಶಿಪ್, ಅಪ್ರೆಂಟಿಸ್ ತರಬೇತಿ, ಸ್ಕಾಲರ್‌ಶಿಪ್‌ನಲ್ಲಿ ಆದ ತಪ್ಪಿನ ತಿದ್ದುಪಡಿ, ಮುಂದಿನ ಓದಿಗೆ ಪ್ರೊಫೆಸರರ ಶಿಫಾರಸು ಪತ್ರ. ಇವೆಲ್ಲ ಈಗ ಇಮೇಲ್ ಮೂಲಕವೇ ಸಾಗುತ್ತವೆ. ಅಪ್ಪನೋ ಅಕ್ಕನೋ ಆಫೀಸಿನಲ್ಲಿರುವ ಮನೆಯಲ್ಲಿ ಮಕ್ಕಳು ಇದನ್ನು ಊಟದ ಹೊತ್ತಿನ ಮಾತಿನಲ್ಲೇ ಕಲಿಯುತ್ತಾರೆ. 'ಸಬ್ಜೆಕ್ಟ್ ಹಾಕಿಲ್ವಲ್ಲೋ' ಅಂತ ಹೇಳಲು ಯಾರೋ ಒಬ್ಬರು ಇರುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಓದುತ್ತಿರುವ ಮಗುವಿಗೆ ಹಾಗೆ ಹೇಳುವವರು ಇಲ್ಲ. ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶ ಅಂತ ಸಂವಿಧಾನದ 16ನೇ ವಿಧಿ ಹೇಳುತ್ತದೆ. ಆದರೆ ಎಷ್ಟೋ ಅವಕಾಶಗಳು ಅರ್ಜಿ ತಲುಪುವ ಮೊದಲೇ, ಎಲ್ಲೂ ಬರೆದಿಡದ ಸಣ್ಣ ಸಣ್ಣ ಪದ್ಧತಿಗಳಲ್ಲಿ ಕೈತಪ್ಪಿಹೋಗುತ್ತವೆ.

ಈ ಬರಹ ಕಲಿಸುವವರಿಗಾಗಿ. ಕಾಲೇಜಿನ ಉಪನ್ಯಾಸಕರು, ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ) ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ವಾರ್ಡನ್‌ಗಳು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ (ಗ್ರಂಥಾಲಯದ) ಮೇಲ್ವಿಚಾರಕರು, ವಾರಾಂತ್ಯದಲ್ಲಿ ಊರಿಗೆ ಹೋಗಿ ನಾಲ್ಕು ಮಕ್ಕಳಿಗೆ ಏನಾದರೂ ಹೇಳಿಕೊಡಬೇಕು ಅಂದುಕೊಳ್ಳುವ ಉದ್ಯೋಗಿಗಳು, ಎಲ್ಲರಿಗೂ. ಶುರು ಮಾಡುವ ಮೊದಲು ಒಂದು ಮಾತು ಗಟ್ಟಿಯಾಗಿ ಇಟ್ಟುಕೊಳ್ಳಿ. ಈ ಮಕ್ಕಳಿಗೆ ಮರ್ಯಾದೆ ಗೊತ್ತಿದೆ. ಗೊತ್ತಿಲ್ಲದಿರುವುದು ಆಫೀಸುಗಳ ರೂಢಿ ಮಾತ್ರ. ನೀವು ಅದನ್ನು ಬಿಡಿಸಿ ಹೇಳಲು ಹೋಗುತ್ತಿದ್ದೀರಿ, ಅವರನ್ನು ತಿದ್ದಲು ಅಲ್ಲ.

ತಯಾರಿ

ಒಂದು ತಂಡದಲ್ಲಿ ಹತ್ತು ಹನ್ನೆರಡು ಜನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಒಬ್ಬೊಬ್ಬರ ಫೋನನ್ನೂ ನೋಡಲು ಆಗುವುದಿಲ್ಲ. ಒಂದೂವರೆ ಗಂಟೆಯ ಐದಾರು ತರಗತಿ ಇಟ್ಟುಕೊಳ್ಳಿ. ಇಂಟರ್ನಲ್ಸ್ ಇರುವ ವಾರ ಬೇಡ.

ಕಂಪ್ಯೂಟರ್ ಲ್ಯಾಬ್ ಸಿಗಲಿ ಅಂತ ಕಾಯಬೇಡಿ. ಮಕ್ಕಳು ಮುಂದೆ ಇಮೇಲ್ ಮಾಡುವುದು ಫೋನಿನಲ್ಲೇ, ಆದ್ದರಿಂದ ಫೋನಿನಲ್ಲೇ ಕಲಿಸಿ. ಸ್ವಂತ ಫೋನ್ ಇಲ್ಲದವರು ಇದ್ದೇ ಇರುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳು. ಮನೆಯಲ್ಲಿ ಇರುವ ಒಂದೇ ಫೋನ್ ಅಣ್ಣನದೋ ಅಪ್ಪನದೋ ಆಗಿರುತ್ತದೆ. ಅವರನ್ನು ಎಲ್ಲರೆದುರು 'ಫೋನ್ ಇಲ್ವಾ?' ಅಂತ ಕೇಳಬೇಡಿ. ಒಂದೆರಡು ಹೆಚ್ಚುವರಿ ಫೋನನ್ನೋ ಅರಿವು ಕೇಂದ್ರದ ಕಂಪ್ಯೂಟರನ್ನೋ ಮೊದಲೇ ಗೊತ್ತು ಮಾಡಿಕೊಳ್ಳಿ.

ಮೊದಲ ದಿನವೇ ಪ್ರತಿಯೊಬ್ಬರನ್ನೂ ಕೇಳಿ: ಈ ತಿಂಗಳಲ್ಲಿ ನೀನು ಯಾರಿಗಾದರೂ ನಿಜವಾಗಿ ಬರೆಯಬೇಕಾದ ಇಮೇಲ್ ಯಾವುದು? ಒಬ್ಬನಿಗೆ ಸ್ಕಾಲರ್‌ಶಿಪ್ ಬಂದಿರುವುದಿಲ್ಲ. ಒಬ್ಬಳಿಗೆ ಮಾರ್ಕ್ಸ್ ಕಾರ್ಡಿನಲ್ಲಿ ತಂದೆಯ ಹೆಸರು ತಪ್ಪಾಗಿರುತ್ತದೆ. ಇನ್ನೊಬ್ಬನಿಗೆ ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಬೇಕಾಗಿರುತ್ತದೆ. ಇಡೀ ತರಬೇತಿ ಆ ಒಂದು ಇಮೇಲಿನ ಸುತ್ತಲೇ ನಡೆಯಲಿ. ಪುಸ್ತಕದ ಉದಾಹರಣೆಗಳು ಯಾರಿಗೂ ನೆನಪಿರುವುದಿಲ್ಲ.

ಹೆಜ್ಜೆ 1: ಈ ಖಾತೆ ಯಾರದು?

ಇಮೇಲ್ ಶಿಷ್ಟಾಚಾರ ಅಂದ ತಕ್ಷಣ 'ಡಿಯರ್ ಸರ್' ಇಂದ ಶುರು ಮಾಡುವವರೇ ಜಾಸ್ತಿ. ನನ್ನ ಪ್ರಕಾರ ಮೊದಲ ತರಗತಿಯಲ್ಲಿ ಒಂದು ಸಾಲನ್ನೂ ಬರೆಸಬಾರದು. ಪೂರ್ತಿ ಸಮಯ ಖಾತೆಗೇ ಕೊಡಬೇಕು.

ಯಾಕೆಂದರೆ ಎಷ್ಟೋ ಮಕ್ಕಳ ಇಮೇಲ್ ಐಡಿ ಅವರದೇ ಆಗಿರುವುದಿಲ್ಲ. ಪಿಯುಸಿ ಮುಗಿದ ಮೇಲೆ ಅರ್ಜಿ ಹಾಕಲು ಸೈಬರ್ ಸೆಂಟರಿಗೆ ಹೋಗಿರುತ್ತಾರೆ. ಅಲ್ಲಿಯವರೇ ಒಂದು ಐಡಿ ಮಾಡಿ, ತಮ್ಮದೇ ಒಂದು ಪಾಸ್‌ವರ್ಡ್ ಹಾಕಿ, ತಮ್ಮದೇ ನಂಬರನ್ನು ರಿಕವರಿಗೆ, ಅಂದರೆ ಪಾಸ್‌ವರ್ಡ್ ಮರೆತಾಗ ಖಾತೆ ವಾಪಸ್ ಪಡೆಯಲು, ಕೊಟ್ಟಿರುತ್ತಾರೆ. ಸಹಾಯ ಮಾಡಬೇಕೆಂದೇ ಮಾಡಿರುತ್ತಾರೆ. ಆದರೆ ಸ್ಕಾಲರ್‌ಶಿಪ್‌ನ ಒಟಿಪಿ, ಪ್ರವೇಶ ಪತ್ರ, ಸಂದರ್ಶನದ ಕರೆ ಎಲ್ಲ ಹೋಗಿ ಬೀಳುವುದು ಆ ಐಡಿಗೆ. ಮಗು ಮಾತ್ರ ಹೊರಗೇ ಉಳಿಯುತ್ತದೆ.

ಆದ್ದರಿಂದ ಎಲ್ಲರೂ ಜಿಮೇಲ್ ತೆರೆದು, ಮೇಲಿರುವ ತಮ್ಮ ಚಿತ್ರ ಒತ್ತಿ, ಗೂಗಲ್ ಖಾತೆಯ ಸೆಕ್ಯೂರಿಟಿ ವಿಭಾಗಕ್ಕೆ ಹೋಗಲಿ. ಅಲ್ಲಿ ರಿಕವರಿ ಫೋನ್ ಮತ್ತು ರಿಕವರಿ ಇಮೇಲ್ ಯಾವುದಿದೆ ಅಂತ ನೋಡಲಿ. ಆ ನಂಬರು ಅವರದೇ ಆಗಿದ್ದು, ಪಾಸ್‌ವರ್ಡೂ ಗೊತ್ತಿದ್ದರೆ ಸರಿ. ಇಲ್ಲದಿದ್ದರೆ ಫೋನಿನಲ್ಲಿ ಇನ್ನೂ ಲಾಗಿನ್ ಇರುವಾಗಲೇ ಬದಲಾಯಿಸಲು ಪ್ರಯತ್ನಿಸಿ. 'ಒಮ್ಮೆ ಲಾಗ್ ಔಟ್ ಮಾಡಿ ನೋಡೋಣ' ಅಂತ ಮಾತ್ರ ಹೇಳಬೇಡಿ. ಹೊರಗೆ ಬಂದ ಮೇಲೆ ಮತ್ತೆ ಒಳಗೆ ಹೋಗಲು ಆಗದೇ ಇರಬಹುದು.

ಹೊಸ ಐಡಿ ಮಾಡಬೇಕಾದರೆ ಹೆಸರು, ಇನಿಷಿಯಲ್, ಬೇಕಿದ್ದರೆ ಎರಡು ಅಂಕಿ. ಅಷ್ಟೇ. ನೆಚ್ಚಿನ ನಟನ ಹೆಸರು, 'ಕ್ಯೂಟ್', 'ಕಿಂಗ್' ಬೇಡ. ಹುಟ್ಟಿದ ವರ್ಷವೂ ಬೇಡ, ವಯಸ್ಸು ಎಲ್ಲರಿಗೂ ತಿಳಿಯಬೇಕಾದ್ದಿಲ್ಲ. ಜಿಮೇಲ್‌ನಲ್ಲಿ ಬಳಕೆದಾರ ಹೆಸರು 6ರಿಂದ 30 ಅಕ್ಷರದೊಳಗೆ ಇರಬೇಕು. ನಡುವೆ ಚುಕ್ಕಿ ಇದ್ದರೂ ಇಲ್ಲದಿದ್ದರೂ ಅದು ಒಂದೇ ವಿಳಾಸ. ಒಂದು ಪರೀಕ್ಷೆ ಮಾಡಿಸಿ: ಐಡಿಯನ್ನು ಬಾಯಲ್ಲಿ ಹೇಳಲಿ, ಪಕ್ಕದವರು ಬರೆದುಕೊಳ್ಳಲಿ. ಒಂದೇ ಸಲಕ್ಕೆ ಸರಿಯಾಗಿ ಬರೆದರೆ ಐಡಿ ಚೆನ್ನಾಗಿದೆ ಅಂತ ಅರ್ಥ. ಸೊನ್ನೆಯೋ 'ಓ' ಅಕ್ಷರವೋ ಅಂತ ಗೊಂದಲ ಬಂದರೆ ಬದಲಾಯಿಸಿ.

ಕಳಿಸುವವರ ಹೆಸರಾಗಿ ಕಾಣುವುದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇರುವಂತೆಯೇ ಇರಲಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಅಂತ ಇರುವುದೇ ಇಲ್ಲ, ಇರುವುದು ಒಂದು ಹೆಸರು, ಒಂದು ಇನಿಷಿಯಲ್. 'ಲಾಸ್ಟ್ ನೇಮ್' ಜಾಗದಲ್ಲಿ ಇನಿಷಿಯಲ್ ಹಾಕಿದರೆ ಸಾಕು. ಜಾತಿ ಸೂಚಿಸುವ ಹೆಸರನ್ನು ಸೇರಿಸಬೇಕೋ ಬಿಡಬೇಕೋ ಅನ್ನುವುದು ಆ ಮಗುವಿಗೆ ಬಿಟ್ಟಿದ್ದು. ಆ ಬಗ್ಗೆ ಕೇಳಲೂಬೇಡಿ, ಸಲಹೆಯನ್ನೂ ಕೊಡಬೇಡಿ.

ಪಾಸ್‌ವರ್ಡನ್ನು ಎಲ್ಲೂ ಬರೆದಿಡಬಾರದು ಅಂತ ಹೇಳುತ್ತಾರೆ. ಹಾಸ್ಟೆಲ್ ಮಕ್ಕಳ ವಿಷಯದಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಕದ್ದು ಹೋಗುವುದಕ್ಕಿಂತ ಮರೆತು ಹೋಗುವುದೇ ಇಲ್ಲಿ ದೊಡ್ಡ ತೊಂದರೆ. ಒಂದು ಡೈರಿಯಲ್ಲಿ ಬರೆದು, ಟ್ರಂಕಿನೊಳಗೆ ಬೀಗ ಹಾಕಿ ಇಡಲಿ. ಪಾಸ್‌ವರ್ಡ್ ಜೊತೆಗೆ ಇನ್ನೊಂದು ಖಾತ್ರಿಯನ್ನೂ ಕೇಳುವ ಟು ಸ್ಟೆಪ್ ವೆರಿಫಿಕೇಶನ್ ಹಾಕಿಸಿ. ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡುಗಳನ್ನೂ ಅದೇ ಡೈರಿಯಲ್ಲಿ ಬರೆಸಿ. ರೀಚಾರ್ಜ್ ಮಾಡದೆ ತಿಂಗಳುಗಟ್ಟಲೆ ಬಿಟ್ಟ ಸಿಮ್ ಬಂದ್ ಆಗಿ, ಆ ನಂಬರು ಬೇರೆಯವರ ಪಾಲಾಗುತ್ತದೆ. ಆಗ ಕೈಹಿಡಿಯುವುದು ಈ ಕೋಡುಗಳೇ. ಎರಡು ವರ್ಷ ಬಳಸದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು ಅನ್ನುವುದನ್ನೂ ಹೇಳಿ.

ಹೆಜ್ಜೆ 2: ಬರೆಯುವ ಮೊದಲು ನೋಡುವುದು

ಬಂದ ಇಮೇಲ್ ನೋಡದೆ ತಪ್ಪಿಹೋಗುವ ಅವಕಾಶಗಳು, ತಪ್ಪಾಗಿ ಬರೆದು ತಪ್ಪಿಹೋಗುವುದಕ್ಕಿಂತ ಹೆಚ್ಚು ಅಂತ ನನಗೆ ಅನ್ನಿಸುತ್ತದೆ. ವಾಟ್ಸಾಪ್ ಸದ್ದು ಮಾಡಿ ಕರೆಯುತ್ತದೆ. ಇಮೇಲ್ ಸುಮ್ನೆ ಬಂದು ಕೂತಿರುತ್ತದೆ. ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು ಸಲ, ಸಂಜೆ ಒಂದು ಸಲ ನೋಡುವ ಅಭ್ಯಾಸ ಮಾಡಿಸಿ. ಸ್ಪ್ಯಾಮ್ ಮತ್ತು ಪ್ರಮೋಷನ್ಸ್ ವಿಭಾಗ ಎಲ್ಲಿದೆ ಅಂತ ತೋರಿಸಿ. ಸ್ಪ್ಯಾಮ್‌ಗೆ ಬಿದ್ದದ್ದು 30 ದಿನದ ನಂತರ ತಾನಾಗಿಯೇ ಅಳಿಸಿಹೋಗುತ್ತದೆ, ಹಾಗಾಗಿ ವಾರಕ್ಕೊಮ್ಮೆಯಾದರೂ ಅದನ್ನು ತೆರೆಯಬೇಕು.

ಹೆಜ್ಜೆ 3: ಗೊತ್ತಿರುವ ಪತ್ರದಿಂದಲೇ ಶುರು ಮಾಡಿ

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಎಸ್ಸೆಸ್ಸೆಲ್ಸಿಗೆ ಪತ್ರಲೇಖನ ಕಲಿತಿರುತ್ತಾರೆ. ಇವರಿಂದ, ಇವರಿಗೆ, ಮಾನ್ಯರೇ, ವಿಷಯ, ಕೊನೆಗೆ ಇಂತಿ ತಮ್ಮ ವಿಶ್ವಾಸಿ. ಬೋರ್ಡಿನ ಮೇಲೆ ಒಂದು ರಜೆ ಅರ್ಜಿಯನ್ನು ಅವರಿಂದಲೇ ಬರೆಸಿ. ಪಕ್ಕದಲ್ಲಿ ಇಮೇಲಿನ ಖಾಲಿ ಪರದೆಯನ್ನು ಬಿಡಿಸಿ. ಯಾವುದು ಎಲ್ಲಿಗೆ ಹೋಗುತ್ತದೆ ಅಂತ ಅವರೇ ಗೆರೆ ಎಳೆಯಲಿ. 'ವಿಷಯ' ಸಬ್ಜೆಕ್ಟ್ ಆಗುತ್ತದೆ. 'ಇವರಿಗೆ' ಟು ಆಗುತ್ತದೆ. ಸರ್ಕಾರಿ ಪತ್ರದ ಕೊನೆಯಲ್ಲಿ 'ಪ್ರತಿ: ಪ್ರಾಂಶುಪಾಲರ ಮಾಹಿತಿಗಾಗಿ' ಅಂತ ಇರುತ್ತದಲ್ವಾ, ಅದೇ ಸಿಸಿ. ಮುಕ್ಕಾಲು ಪಾಲು ತಮಗೆ ಮೊದಲೇ ಗೊತ್ತಿತ್ತು ಅನ್ನುವುದು ಆಗ ಅವರಿಗೇ ಕಾಣುತ್ತದೆ. ಆ ಧೈರ್ಯ ಮುಂದಿನ ಎಲ್ಲ ಹೆಜ್ಜೆಗೂ ಬೇಕು.

ಸಬ್ಜೆಕ್ಟ್ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಖಾಲಿ ಬಿಡುವುದು, 'ಹಾಯ್ ಸರ್', 'ಅರ್ಜೆಂಟ್' ಇವು ಸಾಮಾನ್ಯವಾಗಿ ಬರುವ ತಪ್ಪುಗಳು. ಫೋನಿನ ಪರದೆಯಲ್ಲಿ ಸಬ್ಜೆಕ್ಟಿನ ಮೊದಲ ಕೆಲವು ಪದ ಮಾತ್ರ ಕಾಣುತ್ತವೆ. ಆದ್ದರಿಂದ ಮುಖ್ಯವಾದದ್ದು ಮೊದಲು ಬರಲಿ. 'ಲ್ಯಾಬ್ ಟೆಕ್ನಿಷಿಯನ್ ಹುದ್ದೆಗೆ ಅರ್ಜಿ, ಮಂಜುಳಾ ಎಚ್.' ಅಂತಿದ್ದರೆ ತೆರೆಯದೆಯೂ ವಿಷಯ ತಿಳಿಯುತ್ತದೆ. ಆರು ತಿಂಗಳ ನಂತರ ಹುಡುಕಿದರೂ ಸಿಗುತ್ತದೆ. ಜಾಹೀರಾತಿನಲ್ಲಿ ಹುದ್ದೆಯ ಕೋಡ್ ಕೊಟ್ಟಿದ್ದರೆ ಅದನ್ನೂ ಹಾಕಬೇಕು.

ಕರೆಯುವ ರೀತಿ ಬಗ್ಗೆ ಮಕ್ಕಳಿಗೆ ತುಂಬ ಹೆದರಿಕೆ ಇರುತ್ತದೆ. ಕನ್ನಡದಲ್ಲಿ 'ಮಾನ್ಯರೇ' ಎಲ್ಲ ಕಡೆಗೂ ಸರಿಹೋಗುತ್ತದೆ, ಗಂಡೋ ಹೆಣ್ಣೋ ಅಂತ ಗೊತ್ತಿಲ್ಲದಿದ್ದರೂ. ಇಂಗ್ಲಿಷಿನಲ್ಲಿ ಹೆಸರು ಗೊತ್ತಿದ್ದರೆ 'ಡಿಯರ್' ಜೊತೆ ಹೆಸರು, ಗೊತ್ತಿಲ್ಲದಿದ್ದರೆ 'ಡಿಯರ್ ಸರ್ ಆರ್ ಮೇಡಂ'. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ದೊಡ್ಡವರನ್ನೂ ಬರೀ ಹೆಸರಿನಿಂದ ಕರೆಯುವುದು ರೂಢಿ. ಮಕ್ಕಳಿಗೆ ಅದು ಬಾಯಿಗೇ ಬರುವುದಿಲ್ಲ, ಒತ್ತಾಯ ಮಾಡಬೇಡಿ. ಒಂದು ಸುಲಭದ ದಾರಿ ಹೇಳಿಕೊಡಿ: ಅವರು ಉತ್ತರದ ಕೊನೆಯಲ್ಲಿ ತಮ್ಮ ಹೆಸರನ್ನು ಹೇಗೆ ಬರೆದಿದ್ದಾರೋ ಎರಡನೇ ಇಮೇಲಿನಿಂದ ಹಾಗೆ ಕರೆಯಬಹುದು. 'ಬ್ರೋ', 'ಅಣ್ಣ' ಮಾತ್ರ ವಾಟ್ಸಾಪ್‌ನಲ್ಲೇ ಇರಲಿ.

ಹೆಜ್ಜೆ 4: ಬೇಡುವುದನ್ನು ಬಿಟ್ಟು ಕೇಳುವುದು

ಇಡೀ ತರಬೇತಿಯ ತಿರುಳು ಇದು. ಇಲ್ಲಿ ಆತುರ ಮಾಡಬೇಡಿ.

ಮಂಜುಳಾ ಅನ್ನುವ ವಿದ್ಯಾರ್ಥಿನಿ ಒಂದು ಲ್ಯಾಬಿನ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾಳೆ ಅಂತ ಇಟ್ಟುಕೊಳ್ಳೋಣ. ಯಾರೂ ಹೇಳಿಕೊಡದಿದ್ದರೆ ಮೊದಲ ಕರಡು ಹೆಚ್ಚುಕಡಿಮೆ ಹೀಗಿರುತ್ತದೆ:

> ಗೌರವಾನ್ವಿತ ಸರ್, ನಾನು ತುಂಬಾ ಬಡ ಕುಟುಂಬದಿಂದ ಬಂದವಳು. ನಮ್ಮ ತಂದೆ ಕೂಲಿ ಕೆಲಸ ಮಾಡುತ್ತಾರೆ. ಮನೆಯಲ್ಲಿ ತುಂಬಾ ಕಷ್ಟ ಇದೆ. ದಯಮಾಡಿ ನನಗೆ ಒಂದು ಕೆಲಸ ಕೊಡಿಸಿ ಸರ್. ಯಾವ ಕೆಲಸ ಆದರೂ ಮಾಡುತ್ತೇನೆ. ನಿಮ್ಮ ಉಪಕಾರ ಯಾವತ್ತೂ ಮರೆಯುವುದಿಲ್ಲ ಸರ್. ಪ್ಲೀಸ್ ಸರ್.

ಇದನ್ನು ಓದಿ ಯಾರೂ ನಗುವಂತಾಗಬಾರದು. ಈ ಭಾಷೆ ಎಲ್ಲಿಂದ ಬಂತು ಅಂತ ಯೋಚಿಸಿ. ತಾಲ್ಲೂಕು ಕಚೇರಿಯ ಕಿಟಕಿ ಮುಂದೆ, ಸಾಲ ಕೊಡುವವರ ಮನೆ ಮುಂದೆ, ಆಸ್ಪತ್ರೆಯ ಕೌಂಟರ್ ಮುಂದೆ ಅಪ್ಪ ಅಮ್ಮ ಕೈ ಕಟ್ಟಿ ನಿಂತು ಆಡಿದ ಮಾತು ಇದು. ಹೀಗೆ ಕೇಳಿದರೆ ಮಾತ್ರ ಏನಾದರೂ ಸಿಗುತ್ತದೆ ಅಂತ ಬದುಕೇ ಆ ಮಕ್ಕಳಿಗೆ ಕಲಿಸಿದೆ. ಆದರೆ ಕೆಲಸಕ್ಕೆ ಜನ ತೆಗೆದುಕೊಳ್ಳುವವರು ಈ ಪತ್ರದಲ್ಲಿ ಹುಡುಕುವುದು ಬೇರೆಯದನ್ನು. ಯಾವ ಹುದ್ದೆ, ಏನು ಓದಿದ್ದಾಳೆ, ಏನು ಗೊತ್ತು, ಯಾವಾಗಿನಿಂದ ಬರಬಲ್ಲಳು. ಅದೊಂದೂ ಇಲ್ಲಿ ಇಲ್ಲ. ಮಂಜುಳಾಗೆ ಅದೆಲ್ಲ ಇದ್ದರೂ ಪತ್ರದಲ್ಲಿ ಬಂದಿಲ್ಲ.

ಅವಳ ಜೊತೆ ಕೂತು ಕೇಳಿ. ಏನು ಓದಿದೆ? ಲ್ಯಾಬಿನಲ್ಲಿ ಏನೇನು ಮಾಡಿದ್ದೀಯ? ಎಷ್ಟು ದಿನ ಮಾಡಿದೆ? ಅವಳು ಬಾಯಲ್ಲಿ ಹೇಳಿದ್ದನ್ನೇ ಅವಳೇ ಬರೆಯಲಿ:

> ಮಾನ್ಯರೇ,
> ನಿಮ್ಮ ಲ್ಯಾಬಿನಲ್ಲಿ ಖಾಲಿ ಇರುವ ಟೆಕ್ನಿಷಿಯನ್ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ನಾನು ಲ್ಯಾಬ್ ಟೆಕ್ನಾಲಜಿಯಲ್ಲಿ ಡಿಪ್ಲೊಮಾ ಮುಗಿಸಿದ್ದೇನೆ. ತರಬೇತಿಯ ವೇಳೆ ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತದ ಮಾದರಿ ಸಂಗ್ರಹ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿದ್ದೇನೆ. ಮುಂದಿನ ತಿಂಗಳ 1ರಿಂದ ಕೆಲಸಕ್ಕೆ ಬರಬಲ್ಲೆ.
> ನನ್ನ ರೆಸ್ಯೂಮೆ ಮತ್ತು ಡಿಪ್ಲೊಮಾ ಪ್ರಮಾಣಪತ್ರ ಲಗತ್ತಿಸಿದ್ದೇನೆ. ಸಂದರ್ಶನಕ್ಕೆ ಯಾವಾಗ ಬರಬಹುದು ಎಂದು ತಿಳಿಸಿ.
> ವಂದನೆಗಳೊಂದಿಗೆ,
> ಮಂಜುಳಾ ಎಚ್.
> ಮೊಬೈಲ್ ನಂಬರು

ಇದರಲ್ಲಿ ಗೌರವ ಎಲ್ಲೂ ಕಡಿಮೆಯಾಗಿಲ್ಲ. 'ಸರ್' ಅಂತ ಒಂದು ಸಲವೂ ಬಂದಿಲ್ಲ, ಆದರೂ ಒರಟು ಅನ್ನಿಸುವುದಿಲ್ಲ. ಕೊನೆಯ ಸಾಲನ್ನು ಗಮನಿಸಿ. 'ಅವಕಾಶ ಕೊಡಿ' ಅನ್ನುವ ಬದಲು 'ಯಾವಾಗ ಬರಬಹುದು' ಅಂತ ಕೇಳಿದ್ದಾಳೆ. ಓದಿದವರು ಮುಂದೆ ಏನು ಮಾಡಬೇಕು ಅನ್ನುವುದು ಅದರಲ್ಲೇ ಇದೆ. ನಾನು ಯಾರು, ಯಾಕೆ ಬರೆಯುತ್ತಿದ್ದೇನೆ, ನನ್ನಲ್ಲಿ ಏನಿದೆ, ನಿಮ್ಮಿಂದ ಏನು ಬೇಕು. ಈ ನಾಲ್ಕು ಇದ್ದರೆ ಎಂಥ ಇಮೇಲೂ ನಿಲ್ಲುತ್ತದೆ.

ಬಡತನವನ್ನು ಹೇಳಲೇಬಾರದು ಅಂತ ಅಲ್ಲ. ಆದಾಯದ ಮಿತಿ ಇರುವ ಸ್ಕಾಲರ್‌ಶಿಪ್, ಶುಲ್ಕ ವಿನಾಯಿತಿ ಇಂಥ ಕಡೆ ಹೇಳಲೇಬೇಕು. ಅಲ್ಲಿ ಕಷ್ಟದ ವರ್ಣನೆಗಿಂತ ದಾಖಲೆ ಕೆಲಸ ಮಾಡುತ್ತದೆ. 'ನಮ್ಮ ಕುಟುಂಬದ ವಾರ್ಷಿಕ ಆದಾಯ ಇಷ್ಟು, ನಾಡಕಚೇರಿಯಿಂದ ಪಡೆದ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಇದು' ಅಂತ ಒಂದೇ ಸಾಲು ಸಾಕು. ಸಿಗಬೇಕಾದ್ದನ್ನು ಕೇಳುವಾಗ ತಲೆ ತಗ್ಗಿಸಬೇಕಾಗಿಲ್ಲ ಅಂತ ಮಕ್ಕಳಿಗೆ ಬಾಯಿಬಿಟ್ಟು ಹೇಳಿ.

ಕನ್ನಡವೋ ಇಂಗ್ಲಿಷೋ?

ಈ ಪ್ರಶ್ನೆ ಪ್ರತಿ ತಂಡದಲ್ಲೂ ಬರುತ್ತದೆ. ರಾಜ್ಯ ಸರ್ಕಾರದ ಕಚೇರಿಗೆ, ವಿಶ್ವವಿದ್ಯಾಲಯಕ್ಕೆ, ಹಾಸ್ಟೆಲ್ ಇಲಾಖೆಗೆ ಬರೆಯುವಾಗ ಕನ್ನಡದಲ್ಲೇ ಬರೆಯಲಿ. 1963ರ ಕರ್ನಾಟಕ ರಾಜಭಾಷಾ ಅಧಿನಿಯಮದ ಪ್ರಕಾರ ರಾಜ್ಯದ ಆಡಳಿತ ಭಾಷೆ ಕನ್ನಡ. ಕನ್ನಡದಲ್ಲಿ ಬರೆದರೆ ಅರ್ಜಿ ಹಗುರವಾಗುತ್ತದೆ ಅನ್ನುವ ಅಳುಕನ್ನು ತೆಗೆಯಿರಿ. ಖಾಸಗಿ ಕಂಪನಿಗೆ ಬಹುತೇಕ ಇಂಗ್ಲಿಷೇ ಬೇಕಾಗುತ್ತದೆ. ಆಗಲೂ ಮೊದಲು ಕನ್ನಡದಲ್ಲಿ ಕರಡು ಮಾಡಿಸಿ, ಏನು ಹೇಳಬೇಕು ಅನ್ನುವುದು ಗಟ್ಟಿಯಾದ ಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಿಗೆ ಇಳಿಸಿ. 'ಕೈಂಡ್ಲಿ ಡು ದ ನೀಡ್‌ಫುಲ್' ತರಹದ ಹಳೆಯ ಕಚೇರಿ ಮಾತನ್ನು ಬಿಡಿಸಿ. ಏನು ಬೇಕು ಅಂತ ಅದು ಹೇಳುವುದೇ ಇಲ್ಲ.

ಗೂಗಲ್ ಟ್ರಾನ್ಸ್‌ಲೇಟ್, ಚಾಟ್‌ಜಿಪಿಟಿ ಬಳಸುತ್ತೇವೆ ಅಂತ ಮಕ್ಕಳು ಹೇಳಿದರೆ ಬೈಯಬೇಡಿ. ಬಳಸಲಿ, ಎರಡು ಷರತ್ತಿನ ಮೇಲೆ. ಬಂದ ಪ್ರತಿ ವಾಕ್ಯದ ಅರ್ಥವನ್ನು ಕನ್ನಡದಲ್ಲಿ ಹೇಳಲು ಬರಬೇಕು, ಬಾರದ ವಾಕ್ಯವನ್ನು ತೆಗೆಯಬೇಕು. ಸಂದರ್ಶನದಲ್ಲಿ ಅದನ್ನೇ ಇಟ್ಟುಕೊಂಡು ಕೇಳಬಹುದಲ್ಲ. ಎರಡನೆಯದು, ಅಂಥ ಕರಡಿನಲ್ಲಿ 'ನಿಮ್ಮ ಹೆಸರು', 'ಕಂಪನಿಯ ಹೆಸರು' ಅಂತ ಖಾಲಿ ಜಾಗಗಳು ಇರುತ್ತವೆ. ಅವನ್ನು ತುಂಬದೆ ಹಾಗೇ ಕಳಿಸಿಬಿಡುವುದು ಬಹಳ ಸುಲಭ. ಬೆರಳಿಟ್ಟು ಒಂದೊಂದೇ ಸಾಲು ಓದಿಸಿ.

ಟೈಪಿಂಗ್ ನಿಧಾನ ಇರುವವರಿಗೆ ಜಿಬೋರ್ಡಿನ (ಗೂಗಲ್ ಕೀಬೋರ್ಡಿನ) ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡುವುದನ್ನು ತೋರಿಸಿ. ಆಡುಮಾತಿನಲ್ಲಿ ಹೇಳಿ, ಆಮೇಲೆ ತಿದ್ದಿಕೊಂಡರಾಯಿತು. ದೃಷ್ಟಿ ಇಲ್ಲದ ವಿದ್ಯಾರ್ಥಿಗಳು ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಫೋನಿನ ಟಾಕ್‌ಬ್ಯಾಕ್ ಬಳಸಿ ಪೂರ್ತಿ ಇಮೇಲನ್ನು ತಾವೇ ಮಾಡಬಲ್ಲರು. ಅವರ ಪಕ್ಕ ಕೂತು ಫೋನ್ ಕಿತ್ತುಕೊಂಡು 'ನಾನೇ ಮಾಡಿಕೊಡ್ತೀನಿ' ಅನ್ನಬೇಡಿ. ಕಿವಿ ಕೇಳಿಸದವರಿಗಂತೂ ಇಮೇಲ್ ದೊಡ್ಡ ಅನುಕೂಲ. 'ನನಗೆ ಕಿವಿ ಕೇಳಿಸುವುದಿಲ್ಲ, ದಯವಿಟ್ಟು ಫೋನ್ ಮಾಡುವ ಬದಲು ಇಮೇಲ್ ಅಥವಾ ಮೆಸೇಜ್ ಮಾಡಿ' ಅಂತ ಒಂದು ಸಾಲು ಸೇರಿಸುವುದನ್ನು ಕಲಿಸಿ. ಅಂಗವಿಕಲರ ಹಕ್ಕುಗಳ ಬಗ್ಗೆ 2016ರ ಕಾಯ್ದೆ ಇದೆ. ಇಂಥ ಸಣ್ಣ ಹೊಂದಾಣಿಕೆಯನ್ನು ಕೇಳಲು ಸಂಕೋಚ ಬೇಡ.

ಹೆಜ್ಜೆ 5: ಲಗತ್ತಿಸುವುದು

ಮಾರ್ಕ್ಸ್ ಕಾರ್ಡನ್ನು ಹಾಸಿಗೆ ಮೇಲಿಟ್ಟು ಫೋಟೋ ತೆಗೆದರೆ ಬೆರಳೂ ಬೆಡ್‌ಶೀಟಿನ ಹೂವೂ ಅದರಲ್ಲಿ ಬಂದಿರುತ್ತವೆ. ಗೂಗಲ್ ಡ್ರೈವ್ ಆ್ಯಪ್‌ನಲ್ಲೇ ಸ್ಕ್ಯಾನ್ ಮಾಡುವ ಸೌಲಭ್ಯ ಇದೆ, ಅದು ನೇರವಾಗಿ ಪಿಡಿಎಫ್ ಮಾಡಿಕೊಡುತ್ತದೆ. ಜೆರಾಕ್ಸ್ ಅಂಗಡಿಗೆ ದುಡ್ಡು ಕೊಡಬೇಕಾಗಿಲ್ಲ. ಹಗಲು ಹೊತ್ತಿನಲ್ಲಿ, ಕಿಟಕಿ ಪಕ್ಕ, ನೆರಳು ಬೀಳದಂತೆ ಸ್ಕ್ಯಾನ್ ಮಾಡಿಸಿ.

ಫೈಲಿನ ಹೆಸರು 'ಸ್ಕ್ಯಾನ್ 12' ಅಥವಾ 'ನ್ಯೂ ಫೈನಲ್ 2' ಅಂತ ಇರಬಾರದು. ಹೆಸರು ಮತ್ತು ದಾಖಲೆಯ ಹೆಸರು, ಅಂದರೆ 'ಮಂಜುಳಾ ಎಚ್ ರೆಸ್ಯೂಮೆ', ಅಷ್ಟಿರಲಿ. ಜಿಮೇಲ್‌ನಲ್ಲಿ ಒಂದು ಇಮೇಲಿಗೆ 25 ಎಂಬಿವರೆಗೆ ಲಗತ್ತಿಸಬಹುದು. ಆದರೆ ಎಷ್ಟೋ ಅರ್ಜಿಗಳಲ್ಲಿ ಅದಕ್ಕಿಂತ ಕಡಿಮೆ ಮಿತಿ ಕೊಟ್ಟಿರುತ್ತಾರೆ, ಓದಿಕೊಳ್ಳಬೇಕು.

ಕೇಳದೆ ಆಧಾರ್ ಪ್ರತಿ ಕಳಿಸಬಾರದು. ಕೇಳಿದರೂ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಆದೀತೇ ಅಂತ ವಿಚಾರಿಸಬಹುದು. ಕೆಲಸ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕವೋ ಲ್ಯಾಪ್‌ಟಾಪ್ ಡೆಪಾಸಿಟ್ಟೋ ಕಟ್ಟಿ ಅಂತ ಇಮೇಲ್ ಬಂದರೆ ಅದು ಮೋಸ. ಮನೆಯವರು ಸಾಲ ಮಾಡಿ ಕಟ್ಟುವ ದುಡ್ಡು ಅದು, ಆದ್ದರಿಂದ ಇದನ್ನು ಒಂದಲ್ಲ, ಎರಡು ತರಗತಿಯಲ್ಲಿ ಹೇಳಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಕೆಲಸದ ಕ್ರಮವನ್ನು ಹೀಗೆ ರೂಢಿ ಮಾಡಿಸಿ: ಮೊದಲು ಲಗತ್ತು, ಆಮೇಲೆ ಬರವಣಿಗೆ, ಆಮೇಲೆ ಸಬ್ಜೆಕ್ಟ್, ಕಟ್ಟಕಡೆಗೆ ವಿಳಾಸ. ವಿಳಾಸ ಇಲ್ಲದಿದ್ದರೆ ಅರ್ಧ ಬರೆದದ್ದು ಕೈತಪ್ಪಿ ಹೋಗುವ ಭಯ ಇಲ್ಲ. ಜಿಮೇಲನ್ನು ಕಂಪ್ಯೂಟರಿನಲ್ಲಿ ತೆರೆದಾಗ, ಕಳಿಸಿದ್ದನ್ನು ವಾಪಸ್ ಪಡೆಯುವ ಅವಧಿಯನ್ನು 30 ಸೆಕೆಂಡಿಗೆ ಏರಿಸಿಡಿ.

ಸಿಸಿ, ಬಿಸಿಸಿ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಿಸಿಯಲ್ಲಿ ಇರುವವರು ಎಲ್ಲರಿಗೂ ಕಾಣುತ್ತಾರೆ, ಬಿಸಿಸಿಯಲ್ಲಿ ಇರುವವರು ಕಾಣುವುದಿಲ್ಲ. ಒಂದೇ ಅರ್ಜಿಯನ್ನು ಮೂವತ್ತು ಕಂಪನಿಗಳ ವಿಳಾಸ ಸೇರಿಸಿ ಒಟ್ಟಿಗೆ ಕಳಿಸುವುದು ಮಾತ್ರ ಬೇಡ. ಒಂದೊಂದಕ್ಕೂ ಬೇರೆ ಬೇರೆಯಾಗಿ, ಆ ಕಂಪನಿಯ ಹೆಸರು ಹಾಕಿ ಕಳಿಸಬೇಕು.

ಹೆಜ್ಜೆ 6: ಉತ್ತರ ಬಾರದಿದ್ದಾಗ, ಬಂದಾಗ

ಉತ್ತರ ಬರಲಿಲ್ಲ ಅಂದರೆ ಮಕ್ಕಳು 'ನಂದೇ ಏನೋ ತಪ್ಪಿರಬೇಕು' ಅಂತ ಸುಮ್ಮನಾಗಿಬಿಡುತ್ತಾರೆ. ನೆನಪಿಸುವುದು ದುರಹಂಕಾರ ಅಂತ ಅವರಿಗೆ ಅನ್ನಿಸುತ್ತದೆ. ಕಚೇರಿಗಳಲ್ಲಿ ಇಮೇಲ್ ಕಣ್ತಪ್ಪುವುದು ದಿನಾ ನಡೆಯುವ ಸಂಗತಿ, ನೆನಪಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ ಅಂತ ಹೇಳಿ. ಒಂದು ವಾರ ಬಿಟ್ಟು, ಹಿಂದೆ ಕಳಿಸಿದ ಅದೇ ಇಮೇಲನ್ನು ತೆರೆದು, ಅದರ ಕೆಳಗೇ ಬರೆಯಬೇಕು:

> ಮಾನ್ಯರೇ, ಟೆಕ್ನಿಷಿಯನ್ ಹುದ್ದೆಗೆ ಕಳೆದ ಸೋಮವಾರ ಅರ್ಜಿ ಕಳಿಸಿದ್ದೆ. ಅದು ಯಾವ ಹಂತದಲ್ಲಿದೆ ಎಂದು ತಿಳಿಸುತ್ತೀರಾ? ಬೇರೆ ದಾಖಲೆ ಬೇಕಿದ್ದರೆ ಕಳಿಸುತ್ತೇನೆ.

ಹೊಸ ಇಮೇಲ್ ಮಾಡಿದರೆ ಹಳೆಯದು ಅವರು ಹುಡುಕಬೇಕಾಗುತ್ತದೆ. ಇನ್ನೊಂದು ವಾರ ಬಿಟ್ಟು ಮತ್ತೊಮ್ಮೆ ನೆನಪಿಸಬಹುದು. ಆಮೇಲೂ ಉತ್ತರ ಇಲ್ಲದಿದ್ದರೆ ಮುಂದಿನ ಕಡೆಗೆ ಹೋಗಬೇಕು. ಸರ್ಕಾರಿ ಕಚೇರಿಯಾದರೆ ಬಿಡಬೇಡಿ. ಕಳಿಸಿದ ತಾರೀಕು ಹಾಕಿ ಮೇಲಿನವರಿಗೂ ಒಂದು ಪ್ರತಿ ಹೋಗಲಿ.

ಸಂದರ್ಶನದ ಕರೆ ಬಂದರೆ ಅವತ್ತೇ ಉತ್ತರಿಸಬೇಕು. 'ಬಂದಿದೆ, ಬರುತ್ತೇನೆ' ಅಂತ ಎರಡು ಸಾಲು ಸಾಕು. ಬರಲು ತೊಂದರೆ ಇದ್ದರೆ ಮಕ್ಕಳು ಬಾಯಿ ಬಿಡುವುದೇ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬೆಂಗಳೂರಿನಲ್ಲಿ ಇರಬೇಕು ಅಂದರೆ ಒಳನಾಡಿನ ಹಳ್ಳಿಯಿಂದ ಹಿಂದಿನ ರಾತ್ರಿಯೇ ಹೊರಡಬೇಕು. ಉಳಿಯಲು ಜಾಗ ಇಲ್ಲ, ಬಸ್ಸಿಗೆ ದುಡ್ಡು ಇಲ್ಲ. ಕೇಳಿದರೆ ಕೆಲಸವೇ ತಪ್ಪಬಹುದು ಅಂತ ಹೆದರಿ, ಕೊನೆಗೆ ಹೋಗುವುದನ್ನೇ ಬಿಡುತ್ತಾರೆ. ಈ ಒಂದು ಇಮೇಲನ್ನು ಪ್ರತಿಯೊಬ್ಬರಿಂದಲೂ ಬರೆಸಿ:

> ಸಂದರ್ಶನಕ್ಕೆ ಕರೆದಿದ್ದಕ್ಕೆ ಧನ್ಯವಾದಗಳು. ನಾನು ಖಂಡಿತ ಬರುತ್ತೇನೆ. ನಮ್ಮ ಊರಿನಿಂದ ಬರುವ ಮೊದಲ ಬಸ್ಸು ಬೆಂಗಳೂರು ತಲುಪುವುದು 11 ಗಂಟೆಗೆ. ನನ್ನ ಸಂದರ್ಶನವನ್ನು 12 ಗಂಟೆಯ ನಂತರ ಇಡಲು ಸಾಧ್ಯವೇ? ಆನ್‌ಲೈನ್ ಮೂಲಕ ಆದರೂ ನಾನು ಸಿದ್ಧ.

ಕಾರಣ ಒಂದು ಸಾಲು, ಬೇಡಿಕೆ ಒಂದು ಸಾಲು, ಇನ್ನೊಂದು ದಾರಿ ಒಂದು ಸಾಲು. ಸಂಬಳ ಎಷ್ಟು, ಹಾಸ್ಟೆಲ್ ಇದೆಯಾ, ರಾತ್ರಿ ಪಾಳಿ ಇದ್ದರೆ ಹೆಣ್ಣುಮಕ್ಕಳಿಗೆ ವಾಹನ ಕೊಡುತ್ತಾರಾ ಅನ್ನುವುದನ್ನೂ ಇದೇ ರೀತಿ ಕೇಳಬಹುದು. ಆಯ್ಕೆ ಆಗಲಿಲ್ಲ ಅಂತ ಬಂದರೂ 'ತಿಳಿಸಿದ್ದಕ್ಕೆ ಧನ್ಯವಾದ, ಮುಂದೆ ಇಂಥ ಹುದ್ದೆ ಖಾಲಿಯಾದರೆ ತಿಳಿಸಿ' ಅಂತ ಬರೆಯಲಿ.

ಹೆಜ್ಜೆ 7: ಅಭ್ಯಾಸ

ಒಂದು ಅಭ್ಯಾಸವನ್ನು ತಪ್ಪದೇ ಮಾಡಿಸಿ. ನೀವೇ ತಯಾರಿಸಿದ ಹದಿನೈದು ಅರ್ಜಿ ಇಮೇಲುಗಳನ್ನು ಪ್ರಿಂಟ್ ಮಾಡಿ ತನ್ನಿ. ಸಬ್ಜೆಕ್ಟ್ ಇಲ್ಲದ್ದು, ಲಗತ್ತು ಮರೆತದ್ದು, ಎರಡು ಪುಟ ಉದ್ದದ್ದು, ನೆಟ್ಟಗೆ ಇರುವುದು, ಎಲ್ಲ ಇರಲಿ. ಮಕ್ಕಳು ಈಗ ಕಂಪನಿಯವರು. ಐದು ನಿಮಿಷದಲ್ಲಿ ಮೂವರನ್ನು ಸಂದರ್ಶನಕ್ಕೆ ಕರೆಯಬೇಕು. ಕುರ್ಚಿಯ ಆಚೆ ಬದಿಯಲ್ಲಿ ಕೂತು ಕಾಗದ ಸರಿಸುವಾಗ, ನಾವು ಗಂಟೆಗಟ್ಟಲೆ ಹೇಳಿದ್ದು ಅವರಿಗೆ ತಾನಾಗಿಯೇ ತಿಳಿಯುತ್ತದೆ. ಆಮೇಲೆ ಒಂದು ಪ್ರಶ್ನೆ ಕೇಳಿ: ನೀವು ಪಕ್ಕಕ್ಕಿಟ್ಟವರಲ್ಲಿ ಕೆಲಸ ಚೆನ್ನಾಗಿ ಗೊತ್ತಿದ್ದವರು ಯಾರಾದರೂ ಇದ್ದರಾ? ಇರುವಂತೆ ನೀವು ಮೊದಲೇ ನೋಡಿಕೊಂಡಿರಬೇಕು. ಆ ಚರ್ಚೆಯನ್ನು ಬೇಗ ಮುಗಿಸಬೇಡಿ.

ಒಬ್ಬರ ತಪ್ಪನ್ನು ಪರದೆ ಮೇಲೆ ಹಾಕಿ ಎಲ್ಲರಿಗೂ ತೋರಿಸಬಾರದು. ತಿದ್ದುವುದು ಪಕ್ಕ ಕೂತು, ಒಂದು ಸಲಕ್ಕೆ ಒಂದೆರಡು ವಿಷಯ. ಕಾಗುಣಿತ ಕೊನೆಗೆ. ಕೊನೆಯ ತರಗತಿಯಲ್ಲಿ, ಮೊದಲ ದಿನ ಗುರುತಿಸಿದ ಆ ನಿಜವಾದ ಇಮೇಲನ್ನು ಪ್ರತಿಯೊಬ್ಬರೂ ನಿಮ್ಮೆದುರೇ ಕಳಿಸಲಿ. ಆ ಬಟನ್ ಒತ್ತುವಾಗ ಕೈ ನಡುಗುವುದನ್ನು ನೋಡಿದರೆ, ಇದು ಎಷ್ಟು ದೊಡ್ಡ ಹೆಜ್ಜೆ ಅಂತ ನಿಮಗೂ ಅರಿವಾಗುತ್ತದೆ.

ಇಮೇಲ್ ಪಡೆಯುವವರಿಗೆ

ಇಡೀ ಹೊರೆಯನ್ನು ಮಕ್ಕಳ ತಲೆ ಮೇಲೆ ಹಾಕುವುದು ನ್ಯಾಯ ಅಲ್ಲ. ನೀವು ಕೆಲಸಕ್ಕೆ ಜನ ತೆಗೆದುಕೊಳ್ಳುವವರಾದರೆ, ಪ್ರಾಧ್ಯಾಪಕರಾದರೆ, ಅಧಿಕಾರಿಯಾದರೆ, ಸಬ್ಜೆಕ್ಟಿನಲ್ಲಿ ಏನಿರಬೇಕು, ಯಾವ ದಾಖಲೆ ಬೇಕು, ಕನ್ನಡದಲ್ಲಿ ಬರೆದರೆ ಆಗುತ್ತದಾ ಅನ್ನುವುದನ್ನು ಜಾಹೀರಾತಿನಲ್ಲೇ ಹೇಳಿ. ಮೂರು ಸಾಲಿನ ಕೆಲಸ ಅದು. ಇಂಗ್ಲಿಷ್ ಬರವಣಿಗೆ ಬೇಕಿಲ್ಲದ ಹುದ್ದೆಗೆ ಸ್ಪೆಲ್ಲಿಂಗ್ ನೋಡಿ ಅರ್ಜಿ ಪಕ್ಕಕ್ಕಿಡಬೇಡಿ. ಲಗತ್ತು ಮರೆತಿದ್ದರೆ 'ಫೈಲ್ ಬಂದಿಲ್ಲ, ಮತ್ತೆ ಕಳಿಸಿ' ಅಂತ ಒಂದು ಸಾಲು ಬರೆಯಿರಿ.

ತರಬೇತಿ ಮುಗಿದ ಮೇಲೆ

ಅನುಮಾನಗಳು ಶುರುವಾಗುವುದೇ ಆಗ. ಕನಿಷ್ಠ ಮೂರು ತಿಂಗಳು, ಕರಡನ್ನು ಕಳಿಸಿ ತೋರಿಸಲು ಒಬ್ಬರಾದರೂ ಸಿಗಬೇಕು. ಅದು ನೀವೇ ಆಗಬೇಕಾಗಿಲ್ಲ. ತಂಡದಲ್ಲಿ ಚೆನ್ನಾಗಿ ಕಲಿತ ಇಬ್ಬರನ್ನು ಗುರುತಿಸಿ, ಮುಂದಿನ ವರ್ಷದ ತಂಡಕ್ಕೆ ಅವರೇ ಹೇಳಿಕೊಡಲಿ. ಸೀನಿಯರ್ ಅಕ್ಕ ಹೇಳಿದರೆ ಹೊಸಬರು ಬೇಗ ಕಲಿಯುತ್ತಾರೆ. ಕಾಲೇಜು ಕೊಟ್ಟ ಇಮೇಲ್ ಐಡಿ ಇದ್ದರೆ, ಓದು ಮುಗಿದ ಮೇಲೆ ಅದು ನಿಂತುಹೋಗಬಹುದು. ಅದರಲ್ಲಿರುವ ಪತ್ರಗಳನ್ನು, ಅದಕ್ಕೆ ಜೋಡಿಸಿದ ಅರ್ಜಿಗಳನ್ನು ಟಿಸಿ ತಗೊಳ್ಳುವ ಮೊದಲೇ ಸ್ವಂತ ಐಡಿಗೆ ಬದಲಾಯಿಸಿಕೊಳ್ಳಲು ಹೇಳಿ. ಹಾಸ್ಟೆಲ್ ಬಿಟ್ಟು ಊರಿಗೆ ಹೊರಡುವ ದಿನ ಡೈರಿ ಟ್ರಂಕಿನಲ್ಲಿದೆಯಾ ಅಂತ ಒಮ್ಮೆ ನೋಡಿಸಿ.